ಬೆನ್ನಿನ ಮೇಲಿಟ್ಟ ಕೈ

ಕಾರವಾರದಿಂದ ಅಂಕೋಲೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಹೊರಟವರು ಬಿಣಗಾ, ಅರ್ಗಾಗಳನ್ನು ದಾಟುತ್ತಲೇ, ಒಂದು ಮಗ್ಗುಲಿಗೆ ಸಹ್ಯಾದ್ರಿಯ ತಪ್ಪಲೂ ಇನ್ನೊಂದು ಮಗ್ಗುಲಿಗೆ ಕದಂಬ ನೌಕಾನೆಲೆಯ ನೀಳವಾದ ಗೋಡೆಯೂ ಜೊತೆಗೂಡಿ ಬರುವ ಒಂದು ಇಕ್ಕಟ್ಟಾದ ಬಯಲನ್ನು ಕಾಣುತ್ತಾರೆ. ಆ ಬಯಲಿನಲ್ಲಿ ಗದ್ದೆ, ತೆಂಗು, ಹೆಂಚಿನ ಮನೆಗಳೊಡನೆ ಹಬ್ಬಿಕೊಂಡಿರುವ ಊರು ಚೆಂಡಿಯಾ. ನಾಗರಮಡಿಯ ಜಲಪಾತವನ್ನು ನೋಡಬಂದ ಪ್ರವಾಸಿಗನಿಗೆ ಇದು ದಾರಿಯ ಒಂದು ತಿರುವು ಮಾತ್ರ. ಆದರೆ ಶ್ರಮಜೀವನದ ಭಾರವು ಮನುಷ್ಯಶರೀರದ ಯಾವ ಭಾಗದ ಮೇಲೆ ಬೀಳುತ್ತದೆಂಬುದನ್ನು ತಿಳಿಯಬಯಸುವವನು ಮಳೆಗಾಲದ ಒಂದು ಬೆಳಗ್ಗೆ ಇಲ್ಲಿ ನಿಂತು ನೋಡಿದರೆ ಸಾಕು. ಕಾಲು ನೆಟ್ಟಗೆ, ಬೆನ್ನು ಅಡ್ಡಲಾಗಿ, ಹೊತ್ತು ಏರುವವರೆಗೂ ಕೆಸರಿನಲ್ಲಿ ಸಸಿ ನೆಡುವ ಹೆಂಗಸರು. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುವ ಹಾಲಕ್ಕಿ ಒಕ್ಕಲಿಗರು. ಮೀನುಬುಟ್ಟಿಯನ್ನು ತಲೆಯ ಮೇಲಿಟ್ಟು ಮನೆಯಿಂದ ಮನೆಗೆ ನಡೆಯುವ ಬೆಸ್ತ ಮಹಿಳೆಯರು. ಕಬ್ಬಿಣ, ಸಿಮೆಂಟು ಎತ್ತುವ ಕೂಲಿಗಳು. ರಾತ್ರಿಯಿಡೀ ಕುಳಿತೇ ಬಂದ ಲಾರಿಯ ಚಾಲಕರು: ಇವರೆಲ್ಲರ ದುಡಿಮೆ ಬೇರೆಬೇರೆ, ಅದನ್ನು ತಾಳುವ ಬೆನ್ನು ಮಾತ್ರ ಒಂದೇ ಬಗೆಯದು.

ಮೀನು ಮಾರುವ ತಾಯಿಯೊಬ್ಬಳು ಜಗಲಿಯ ಮುಂದೆ ಬುಟ್ಟಿಯನ್ನಿಳಿಸುವ ರೀತಿಯನ್ನು ಗಮನವಿಟ್ಟು ನೋಡಬೇಕು. ಮೊದಲು ಕೊರಳನ್ನು ಅಲುಗದಂತೆ ಬಿಗಿಹಿಡಿದು, ಎರಡು ಕೈಗಳನ್ನೂ ಮೇಲೆತ್ತಿ ಬುಟ್ಟಿಯ ಅಂಚನ್ನು ಹಿಡಿದು, ಮೊಣಕಾಲನ್ನು ತುಸು ಮಡಚಿ, ಸೊಂಟವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಉಸಿರು ಕಟ್ಟಿ ಒಮ್ಮೆಲೆ ಕೆಳಗಿಡುತ್ತಾಳೆ; ಆಮೇಲೆ ತಲೆಯ ಮೇಲಿನ ಸಿಂಬಿಯನ್ನು ತೆಗೆದು, ಅದೇ ಬಟ್ಟೆಯಿಂದ ಮುಖವೊರಸಿ, ಎಡಗೈಯನ್ನು ಸೊಂಟದ ಹಿಂದಕ್ಕೊತ್ತಿ ನೆಟ್ಟಗಾಗುತ್ತಾಳೆ. ಆ ಒತ್ತಿದ ಕೈ ನೋವಿಗೆ ಮನುಷ್ಯನು ಕಂಡುಕೊಂಡ ಅತ್ಯಂತ ಪ್ರಾಚೀನ ಚಿಕಿತ್ಸೆ. “ಸೊಂಟ ಹಿಡಿದಿದೆ”, “ಉಳುಕಿದೆ”, “ನರ ಎಳೆದಿದೆ” ಎಂಬ ಮಾತು ಕೇಳಿಬಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ ಎಣ್ಣೆ ಬಿಸಿಮಾಡಿ ನೀವುವವರನ್ನು ಕರೆಯುವ ರೂಢಿ ಇಂದಿಗೂ ಅಳಿದಿಲ್ಲ. ಸುಶ್ರುತಸಂಹಿತೆಯು ಮುರಿದ ಮೂಳೆಗೂ ಜಾರಿದ ಸಂಧಿಗೂ ಎಳೆದು, ಒತ್ತಿ, ಕಟ್ಟುವ ಕ್ರಮವನ್ನು ಸವಿಸ್ತಾರವಾಗಿ ನಿರೂಪಿಸಿದೆ. ಸೊಂಟದಿಂದ ಕಾಲಿಗಿಳಿಯುವ ನೋವನ್ನು, ರೋಗಿಯ ನಡಿಗೆ ಹದ್ದಿನ ನಡಿಗೆಯನ್ನು ಹೋಲುವುದೆಂದು, ನಮ್ಮ ಹಿರಿಯರು ಗೃಧ್ರಸೀ ಎಂದು ಕರೆದರು.

ಈ ಪ್ರಾಚೀನ ನಂಬುಗೆಯ ಜಾಗಕ್ಕೆ ಈಚಿನ ವರ್ಷಗಳಲ್ಲಿ ಹೊಸ ಹೆಸರೊಂದು ಬಂದು ಸೇರಿದೆ: ಕೈರೋಪ್ರಾಕ್ಟಿಕ್. ಗೋವೆಯಲ್ಲಿಯೂ ಬೆಂಗಳೂರಿನಲ್ಲಿಯೂ ಅದರ ಚಿಕಿತ್ಸಾಲಯಗಳು ತಲೆಯೆತ್ತಿವೆ. ಅವುಗಳಿಗಿಂತ ಮುಂಚೆಯೇ ಅದರ ದೃಶ್ಯಗಳು ಮೊಬೈಲಿನ ಮೂಲಕ ಪ್ರತಿಯೊಂದು ಮನೆಯನ್ನೂ ಹೊಕ್ಕಿವೆ. ಮೇಜಿನ ಮೇಲೆ ಮಲಗಿದ ಮನುಷ್ಯನ ಕೊರಳನ್ನು ಚಿಕಿತ್ಸಕನು ಎರಡು ಕೈಗಳಲ್ಲಿ ಹಿಡಿದು ಥಟ್ಟನೆ ತಿರುಗಿಸುತ್ತಾನೆ. ಒಣ ಕಡ್ಡಿ ಮುರಿದಂಥ ಸದ್ದಾಗುತ್ತದೆ. ಮಲಗಿದವನು ಕಣ್ಣರಳಿಸಿ ನಗುತ್ತಾನೆ. ನೋಡಿದವರಿಗೆ ಸಹಜವಾಗಿಯೇ ಎರಡು ಪ್ರಶ್ನೆಗಳು ಹುಟ್ಟುತ್ತವೆ: ಇದರಿಂದ ನಿಜವಾಗಿ ಗುಣವಾಗುತ್ತದೆಯೆ? ಇದರಲ್ಲಿ ಅಪಾಯವುಂಟೆ? ಎರಡಕ್ಕೂ ಸಾಕಷ್ಟು ಸ್ಪಷ್ಟವಾದ ಉತ್ತರಗಳಿವೆ. ಅವನ್ನು ಸಾಮಾನ್ಯ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಇದರ ಹುಟ್ಟನ್ನು ತಿಳಿಯೋಣ. 1895ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಅಯೋವಾ ಪ್ರಾಂತದ ಡ್ಯಾವನ್‌ಪೋರ್ಟ್ ಪಟ್ಟಣದಲ್ಲಿ, ಅಯಸ್ಕಾಂತಶಕ್ತಿಯಿಂದ ರೋಗ ನೀಗಿಸುವೆನೆಂದು ಹೇಳಿಕೊಂಡು ಬಾಳುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು, ತನ್ನ ಕಟ್ಟಡವನ್ನು ಶುಚಿಮಾಡುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬ ಕಿವಿ ಮಂದವಾದ ಮನುಷ್ಯನ ಬೆನ್ನೆಲುಬಿನ ಒಂದು ಮಣಿಯನ್ನೊತ್ತಿ ಸರಿಪಡಿಸಿ, ಅವನಿಗೆ ಶ್ರವಣಶಕ್ತಿಯನ್ನು ಮರಳಿ ತಂದುಕೊಟ್ಟೆನೆಂದು ಸಾರಿದನು. ಗ್ರೀಕ್ ಭಾಷೆಯಲ್ಲಿ ‘ಕೈಯಿಂದ ಮಾಡಿದ್ದು’ ಎಂಬರ್ಥ ಬರುವ ಎರಡು ಪದಗಳನ್ನು ಕೂಡಿಸಿ ಈ ವಿದ್ಯೆಗೆ ಹೆಸರಿಡಲಾಯಿತು. 1897ರಲ್ಲಿ ಪಾಮರನು ಅದಕ್ಕಾಗಿ ಶಾಲೆಯನ್ನೂ ತೆರೆದನು. ಬೆನ್ನೆಲುಬಿನ ಮಣಿಗಳು ಸ್ವಸ್ಥಾನದಿಂದ ಕೊಂಚ ಸರಿದು ನರಗಳಿಗೆ ತಡೆಯೊಡ್ಡುವುದೇ ಬಹುತೇಕ ರೋಗಗಳ ಮೂಲವೆಂಬುದು ಆತನ ಸಿದ್ಧಾಂತ. ಈ ಸಿದ್ಧಾಂತಕ್ಕೆ ವಿಜ್ಞಾನದ ಆಧಾರ ಅಂದೂ ಇರಲಿಲ್ಲ, ಇಂದೂ ದೊರೆತಿಲ್ಲ. ಶಬ್ದವನ್ನು ಮೆದುಳಿಗೆ ಒಯ್ಯುವ ನರವು ತಲೆಬುರುಡೆಯೊಳಗೇ ಹುಟ್ಟಿ ಅಲ್ಲಿಯೇ ಮೆದುಳನ್ನು ಸೇರುತ್ತದೆ. ಬೆನ್ನೆಲುಬಿನ ದಾರಿಯನ್ನು ಅದು ತುಳಿಯುವುದೇ ಇಲ್ಲ. ಇಂದು ಈ ವಿದ್ಯೆಯಲ್ಲಿ ಎರಡು ಪಂಗಡಗಳಿದ್ದು, ಒಂದು ಪಾಮರನ ಮಾತನ್ನೇ ಹಿಡಿದು ಸಕಲ ರೋಗಕ್ಕೂ ಬೆನ್ನನ್ನೊತ್ತುತ್ತದೆ. ಇನ್ನೊಂದು ಆ ಸಿದ್ಧಾಂತವನ್ನು ಬದಿಗಿಟ್ಟು, ಬೆನ್ನು, ಕೊರಳುಗಳ ನೋವಿಗೆ ಮಾತ್ರ ತನ್ನ ಕೆಲಸವನ್ನು ಸೀಮಿತಗೊಳಿಸಿಕೊಂಡು, ಪ್ರಯೋಗಗಳ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡಿದೆ. ಈ ಎರಡನೆಯ ಪಂಗಡದ ಮಾತನ್ನು ಆಲಿಸುವುದೇ ನ್ಯಾಯ.

ಇನ್ನು ಆ ಸದ್ದಿನ ವಿಚಾರ. ಬೆನ್ನೆಲುಬಿನಲ್ಲಿ ಕೊರಳಿಗೆ ಏಳು, ಎದೆಯ ಹಿಂಭಾಗಕ್ಕೆ ಹನ್ನೆರಡು, ಸೊಂಟಕ್ಕೆ ಐದು ಬಿಡಿ ಮಣಿಗಳಿದ್ದು, ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿಯೂ ಬಾಲದ ಮೂಳೆಯೂ ಇವೆ. ಮಣಿಯು ಮಣಿಯೊಡನೆ ಹಿಂಬದಿಯಲ್ಲಿ ಕೂಡುವೆಡೆಗಳಲ್ಲಿ ಪುಟ್ಟ ಕೀಲುಗಳಿದ್ದು, ಅವುಗಳೊಳಗೆ ಎಣ್ಣೆಯಂಥ ಜಾರುದ್ರವ ತುಂಬಿರುತ್ತದೆ. ಕೀಲನ್ನು ಹಠಾತ್ತಾಗಿ ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಅನಿಲವು ಗುಳ್ಳೆಯಾಗಿ ಬಿರಿಯುತ್ತದೆ, ಸದ್ದು ಅದರದ್ದು. ಬೆರಳ ನೆಟಿಕೆ ಮುರಿದಾಗ ಆಗುವುದೂ ಇದೇ, ಎಂ.ಆರ್.ಐ. ಯಂತ್ರದೊಳಗೆ ಬೆರಳನ್ನೆಳೆದು, ಆ ಗುಳ್ಳೆ ಮೂಡುವ ಕ್ಷಣವನ್ನು ಕೆನಡಾದ ಸಂಶೋಧಕರು 2015ರಲ್ಲಿ ಚಿತ್ರವಾಗಿ ಹಿಡಿದರು. ಆದಕಾರಣ ಸದ್ದು ಕೇಳಿಸಿತೆಂದರೆ ಸರಿದ ಮೂಳೆ ಕೂತಿತೆಂದು ಭಾವಿಸಲಾಗದು. ಆದರೂ ಆ ಸೆಳೆತದಿಂದ ಬಿಗಿದ ಸ್ನಾಯುಗಳು ಸ್ವಲ್ಪ ಹೊತ್ತು ಸಡಿಲವಾಗುತ್ತವೆ, ನೋವಿನ ಅರಿವು ತುಸು ತಗ್ಗುತ್ತದೆ. ಒಬ್ಬ ಮನುಷ್ಯನು ನಮ್ಮ ನೋವನ್ನು ಲಕ್ಷ್ಯವಿಟ್ಟು ಕೇಳಿ, ಅದರ ಮೇಲೆ ಕೈಯಿಟ್ಟನೆಂಬ ಸಮಾಧಾನವೂ ಅದರೊಡನೆ ಸೇರಿಕೊಳ್ಳುತ್ತದೆ.

ಹಾಗಾದರೆ ಫಲವೆಷ್ಟು? ಇಲ್ಲಿ ಅಂಕಿಗಳ ಸಾಕ್ಷ್ಯವನ್ನೇ ಕೇಳಬೇಕು. ಹೊಸದಾಗಿ ಹಿಡಿದ ಸೊಂಟನೋವಿನ ಬಗ್ಗೆ ನಡೆದ 26 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಮರ್ಶೆಯೊಂದು 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದಿತು. ನೋವನ್ನು ನೂರು ಅಂಶಗಳಲ್ಲಿ ಅಳೆದರೆ, ಬೆನ್ನೆಲುಬಿನ ಕೈಚಿಕಿತ್ಸೆಯಿಂದ ಆರು ವಾರಗಳೊಳಗೆ ಸುಮಾರು ಹತ್ತು ಅಂಶದಷ್ಟು ಹೆಚ್ಚಿನ ಉಪಶಮನ ದೊರೆಯುತ್ತದೆಂಬುದು ಅದರ ತೀರ್ಮಾನ. ದೀರ್ಘಕಾಲದ ಸೊಂಟನೋವಿನ ಕುರಿತ 47 ಪ್ರಯೋಗಗಳನ್ನೂ ಅವುಗಳಲ್ಲಿ ಭಾಗಿಗಳಾದ 9,211 ಮಂದಿಯನ್ನೂ ಪರಿಗಣಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಈ ಚಿಕಿತ್ಸೆಯ ಫಲವು ವ್ಯಾಯಾಮವೇ ಮೊದಲಾದ ಶಿಫಾರಸು ಪಡೆದ ಇತರ ಚಿಕಿತ್ಸೆಗಳ ಫಲಕ್ಕೆ ಬಹುಮಟ್ಟಿಗೆ ಸಮಾನವಾಗಿದೆ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ನೌಕಾನೆಲೆಯ ನೆರಳಿನಲ್ಲಿರುವ ಊರಿಗೆ ಹತ್ತಿರವಾದ ಇನ್ನೊಂದು ಪ್ರಯೋಗವನ್ನು ಹೇಳಬೇಕು. ಅಮೆರಿಕದ ಮೂರು ಸೈನಿಕ ಆಸ್ಪತ್ರೆಗಳಲ್ಲಿ, ಅವುಗಳಲ್ಲಿ ಎರಡು ನೌಕಾಪಡೆಯವು, ಸೇವೆಯಲ್ಲಿದ್ದ 750 ಮಂದಿ ಯೋಧರನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡಕ್ಕೆ ವಾಡಿಕೆಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅದರ ಜೊತೆಗೆ ಕೈರೋಪ್ರಾಕ್ಟಿಕ್ ಚಿಕಿತ್ಸೆಯನ್ನೂ ಆರು ವಾರ ಕೊಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹತ್ತು ಅಂಶದ ಅಳತೆಯ ಮೇಲೆ ಎರಡನೆಯ ತಂಡದ ನೋವು ಸರಾಸರಿ ಒಂದು ಅಂಶದಷ್ಟು ಹೆಚ್ಚು ತಗ್ಗಿತ್ತು. ಹೆಚ್ಚಿನ ಆರೈಕೆ ಪಡೆದವರಿಗೆ ಆರೈಕೆಯಿಂದಲೇ ಸ್ವಲ್ಪ ಹಿತವೆನಿಸಿರಬಹುದು; ಆ ಪಾಲನ್ನು ಕಳೆದ ಮೇಲೂ ಲಾಭವೇ ಇಲ್ಲವೆನ್ನಲಾಗದು. ಕಾಣುವಷ್ಟು ಲಾಭವುಂಟು, ಪವಾಡವಿಲ್ಲ: ಸೊಂಟನೋವಿನ ಮಟ್ಟಿಗೆ ಒಟ್ಟು ಸಾಕ್ಷ್ಯದ ಸಾರ ಇಷ್ಟು. ಆಸ್ತಮಾ, ಶಿಶುಗಳ ಅಳು, ರಕ್ತದೊತ್ತಡ ಮೊದಲಾದುವಕ್ಕೆ ಬೆನ್ನನ್ನೊತ್ತಿ ಗುಣಪಡಿಸುವೆವೆಂಬ ಮಾತಿಗೆ ಆಧಾರವಿಲ್ಲ. ಆಸ್ತಮಾದ ಮಕ್ಕಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಿಜ ಚಿಕಿತ್ಸೆಗೂ ತೋರಿಕೆಯ ಚಿಕಿತ್ಸೆಗೂ ಭೇದವೇ ಕಾಣಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2020ರಲ್ಲಿ ಲೋಕದಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ಆ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿಯನ್ನು ಹೊರಡಿಸಿ, ತಿಳಿವಳಿಕೆ, ವ್ಯಾಯಾಮ, ಬೆನ್ನೆಲುಬಿನ ಕೈಚಿಕಿತ್ಸೆ, ಅಂಗಮರ್ದನ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆಗಳು, ಕೆಲವು ನೋವುಶಾಮಕ ಔಷಧಗಳು ಇವನ್ನು ಪರಿಗಣಿಸಬಹುದೆಂದು ಹೇಳಿತು. ಸೊಂಟಕ್ಕೆ ಬೆಲ್ಟು ಬಿಗಿಯುವುದನ್ನೂ ಭಾರ ತೂಗಿ ಎಳೆಯುವುದನ್ನೂ ಅಫೀಮಿನ ವರ್ಗದ ಮಾತ್ರೆಗಳನ್ನೂ ಸಾಮಾನ್ಯವಾಗಿ ಬಳಸಬಾರದೆಂದಿತು. ಬೆಲ್ಟು ಕೊಂಡು ತಂದವರೇ ನಮ್ಮಲ್ಲಿ ಹೆಚ್ಚು; ವ್ಯಾಯಾಮ ಮಾಡಿದವರು ವಿರಳ.

ಅಪಾಯದ ವಿಚಾರಕ್ಕೆ ಬಂದಾಗ ಬೆನ್ನು ಬೇರೆ, ಕೊರಳು ಬೇರೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು. ಸೊಂಟದ ಚಿಕಿತ್ಸೆಯ ತರುವಾಯ ಒಂದೆರಡು ದಿನ ಮೈಕೈ ನೋವು, ಬಿಗಿತ, ತಲೆನೋವು ಬರುವುದು ಬಹಳ ಸಾಮಾನ್ಯ. ಅದು ತಾನಾಗಿ ಹೋಗುತ್ತದೆ. ಆದರೆ ಕೊರಳಿನ ರಚನೆಯನ್ನು ಭಗವಂತನು ಬಹು ಸೂಕ್ಷ್ಮವಾಗಿ ಹೆಣೆದಿದ್ದಾನೆ. ಮೆದುಳಿಗೆ ನೆತ್ತರನ್ನೊಯ್ಯುವ ನಾಲ್ಕು ದೊಡ್ಡ ಧಮನಿಗಳಲ್ಲಿ ಎರಡು ಕೊರಳ ಮುಂಬದಿಯಲ್ಲಿ ಏರುತ್ತವೆ; ಇನ್ನೆರಡು ಕೊರಳ ಮಣಿಗಳ ಪಕ್ಕದ ರಂಧ್ರಗಳೊಳಗೆ, ದಾರವು ಪೋಣಿಸಿದಂತೆ, ಒಂದಾದಮೇಲೊಂದನ್ನು ತೂರಿ ಸಾಗಿ, ಎಲ್ಲಕ್ಕಿಂತ ಮೇಲಿನ ಮಣಿಯ ಬಳಿ ಬಾಗಿ ತಲೆಬುರುಡೆಯನ್ನು ಹೊಗುತ್ತವೆ. ಕೊರಳನ್ನು ರಭಸದಿಂದ ತಿರುಚಿದರೆ ಧಮನಿಯ ಒಳಪದರ ಹರಿಯಬಹುದು. ಹರಿದಲ್ಲಿ ನೆತ್ತರು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು.

ಇದು ದೂರದೇಶದ ಕಥೆಯಲ್ಲ. 2024ರಲ್ಲಿ ನಮ್ಮ ಬಳ್ಳಾರಿಯಲ್ಲಿ, ಮನೆಗೆಲಸ ಮಾಡಿ ಬದುಕುವ ಮೂವತ್ತು ವರ್ಷದ ಯುವಕನೊಬ್ಬನಿಗೆ, ಕ್ಷೌರದ ತರುವಾಯ ಬಿಟ್ಟಿಯಾಗಿ ತಲೆ ನೀವಿಕೊಟ್ಟ ಕ್ಷೌರಿಕನು ಕೊನೆಯಲ್ಲಿ ಕೊರಳನ್ನು ತಿರುಚಿದನು. ನೋವಾಯಿತಾದರೂ ಅದನ್ನು ಲೆಕ್ಕಿಸದೆ ಆತ ಮನೆಗೆ ನಡೆದ; ಕೆಲವು ಗಂಟೆಗಳಲ್ಲಿ ಮಾತು ತೊದಲಿತು, ಎಡಭಾಗ ಬಲಗುಂದಿತು. ಕೊರಳಿನ ಧಮನಿ ಹರಿದು ಮೆದುಳಿಗೆ ನೆತ್ತರು ಕಡಿಮೆಯಾದದ್ದೇ ಕಾರಣವೆಂದು ಬೆಂಗಳೂರಿನ ವೈದ್ಯರು ಕಂಡುಹಿಡಿದರು. ನೆತ್ತರು ಹೆಪ್ಪುಗಟ್ಟದಂತೆ ಔಷಧ ಕೊಟ್ಟು ಉಳಿಸಿದರು. ಚೇತರಿಸಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಕ್ಷೌರಿಕನು ಕೈರೋಪ್ರಾಕ್ಟಿಕ್ ಕಲಿತವನಲ್ಲವೆಂಬುದು ನಿಜ. ಆದರೆ ಧಮನಿಗೆ ತಾಗುವುದು ತಿರುಚುವ ರಭಸ. ತಿರುಚಿದವನ ಪ್ರಮಾಣಪತ್ರವನ್ನು ಅದು ನೋಡುವುದಿಲ್ಲ.

ನ್ಯಾಯವಾದ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಇಂಥ ಧಮನಿಭೇದ ಅತಿ ವಿರಳ. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಒಂಬತ್ತು ವರ್ಷಗಳ ಅವಧಿಯಲ್ಲಿ ಕೊರಳ ಮಣಿಗಳೊಳಗೆ ಸಾಗುವ ಧಮನಿಗಳ ಕ್ಷೇತ್ರದ ಪಾರ್ಶ್ವವಾಯುವಿಗೆ ಗುರಿಯಾದ 818 ಮಂದಿಯ ದಾಖಲೆಗಳನ್ನು ಶೋಧಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಕೈರೋಪ್ರಾಕ್ಟಿಕ್ ಚಿಕಿತ್ಸಕರ ಬಳಿಗೆ ಹೋದವರಲ್ಲಿಯೂ ಸಾಮಾನ್ಯ ವೈದ್ಯರ ಬಳಿಗೆ ಹೋದವರಲ್ಲಿಯೂ ಪಾರ್ಶ್ವವಾಯುವಿನೊಡನೆ ಆ ಭೇಟಿಯ ಸಂಬಂಧ ಸರಿಸುಮಾರು ಒಂದೇ ಎಂದು ಕಂಡಿತು. ಎಂದರೆ, ಧಮನಿ ಮೊದಲೇ ಹರಿದು ಕೊರಳು ನೋಯುತ್ತಿದ್ದ ಕಾರಣದಿಂದಲೇ ಹಲವರು ಚಿಕಿತ್ಸೆ ಹುಡುಕಿ ಹೋಗಿರಬಹುದು. 2014ರಲ್ಲಿ ಅಮೆರಿಕದ ಹೃದಯ ಸಂಘವೂ ಕಾರಣ ಸಿದ್ಧವಾಗಿಲ್ಲವೆಂದು ಒಪ್ಪಿ, ಆದಾಗ್ಯೂ ಕೊರಳಿಗೆ ಕೈಹಚ್ಚುವ ಮುನ್ನ ಈ ಸಂಬಂಧವನ್ನು ರೋಗಿಗೆ ತಿಳಿಸಬೇಕೆಂದು ವಿಧಿಸಿತು. ಕೊರಳು ನೋವಿಗೆ ರಭಸದ ತಿರುಚುವಿಕೆಯಿಂದ ಸಿಗುವ ಫಲವು ಮೆಲ್ಲನೆ ಆಡಿಸುವ ಚಿಕಿತ್ಸೆಯಿಂದಲೂ ಸಿಗುತ್ತದೆಂದು ಪ್ರಯೋಗಗಳು ತೋರಿಸಿರುವಾಗ, ವಿರಳವಾದರೂ ಘೋರವಾದ ಅಪಾಯವನ್ನು ಏಕೆ ಕೈಯಾರೆ ಬರಮಾಡಿಕೊಳ್ಳಬೇಕು?

ಚೆಂಡಿಯಾದಂಥ ಊರಿನವರು ಈ ಪ್ರಶ್ನೆಯನ್ನು ಇನ್ನಷ್ಟು ಗಂಭೀರವಾಗಿ ಕೇಳಿಕೊಳ್ಳಬೇಕು. ಮೆದುಳಿನ ಹೆಪ್ಪನ್ನು ಕರಗಿಸುವ ಔಷಧವನ್ನು ರೋಗಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ಆದರೂ ಕಠಿಣ ಪ್ರಸಂಗಗಳಲ್ಲಿ ಗೋವೆಗೋ ಹುಬ್ಬಳ್ಳಿಗೋ ಸುಮಾರು ಇನ್ನೂರು ಕಿಲೋಮೀಟರು ದೂರದ ಮಣಿಪಾಲಕ್ಕೋ ಓಡಬೇಕಾದ ಸ್ಥಿತಿ ಈ ಜಿಲ್ಲೆಯದು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಟ್ಟಲೆ ಕೂಗಿದ್ದು ಸುಮ್ಮನೆ ಅಲ್ಲ. ಪಾರ್ಶ್ವವಾಯುವಿನ ನಾಟಿ ಔಷಧಕ್ಕಾಗಿ ಅಂಕೋಲಾ ತಾಲೂಕಿನ ಬೇಳಂಬಾರಕ್ಕೆ ದೂರದೂರದಿಂದ ಜನ ಬರುತ್ತಾರೆ. ಆ ನಂಬುಗೆಯನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಮೊದಲ ಗಂಟೆಗಳು ಆಸ್ಪತ್ರೆಗೆ ಸಲ್ಲಬೇಕು. ಉಳಿದದ್ದಕ್ಕೆ ಆಮೇಲೆ ಕಾಲವಿದೆ.

ಇನ್ನು ಯಾವ ಬೆನ್ನಿಗೆ ಕೈಯಿಡಲೇಬಾರದು ಎಂಬುದು. ಸೊಂಟನೋವಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ನಿರ್ದಿಷ್ಟ ರೋಗವಿಲ್ಲದ ನೋವು. ಉಳಿದ ಒಂದು ಪಾಲಿನಲ್ಲಿ ಮೋಸವಿರುತ್ತದೆ. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ಮಲಗಿದರೂ ಬಿಡದ ನೋವು ಇದ್ದಲ್ಲಿ ಬೆನ್ನೆಲುಬಿನ ಕ್ಷಯವನ್ನೋ ಅರ್ಬುದವನ್ನೋ ಶಂಕಿಸಬೇಕು. ಅಂಥ ಸವೆದ ಮಣಿಯನ್ನೊತ್ತಿದರೆ ಅದು ಕುಸಿದೇ ಹೋಗಬಹುದು. ಮುಟ್ಟು ನಿಂತು ಮೂಳೆ ಟೊಳ್ಳಾದ ಹೆಂಗಸರು, ಬಹುಕಾಲ ಸ್ಟಿರಾಯ್ಡ್ ಸೇವಿಸಿದವರು, ನೆತ್ತರು ತೆಳುಮಾಡುವ ಮಾತ್ರೆ ನುಂಗುವವರು, ತೆಂಗಿನ ಮರದಿಂದಲೋ ಬೈಕಿನಿಂದಲೋ ಬಿದ್ದವರು ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಕಾಲಿನ ಬಲ ಕುಗ್ಗಿದರೆ, ಕುಳಿತುಕೊಳ್ಳುವ ಜಾಗ ಜೋಮುಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಿಲ್ಲದೆ ಹೋದರೆ, ಒಂದು ದಿನವನ್ನೂ ಕಳೆಯದೆ ಆಸ್ಪತ್ರೆ ಸೇರಬೇಕು. ಹಿಂದೆಂದೂ ಕಾಣದ ತೀವ್ರ ಕೊರಳುನೋವೋ ತಲೆನೋವೋ ಹಠಾತ್ತಾಗಿ ಬಂದವರ ಕೊರಳನ್ನು ಯಾರೂ ಮುಟ್ಟಬಾರದು.

ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್ ವೃತ್ತಿಗೆ ಪ್ರತ್ಯೇಕವಾದ ಕಾಯಿದೆಯಾಗಲಿ ನೋಂದಣಿ ಮಂಡಳಿಯಾಗಲಿ ಇಲ್ಲ. ಈ ವಿದ್ಯೆಗೆ ಪೂರ್ಣಾವಧಿಯ 4,200 ಗಂಟೆಗಳಿಗೆ ಕಡಿಮೆಯಿಲ್ಲದ ಶಿಕ್ಷಣ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿಯೇ ಹೇಳಿದೆ. ವಾರದ ಶಿಬಿರದಲ್ಲಿ ಕಲಿತು ಬಂದವನೂ ಅದೇ ಹೆಸರಿನ ಫಲಕ ಹಾಕಿಕೊಂಡರೆ ರೋಗಿಗೆ ವ್ಯತ್ಯಾಸ ತಿಳಿಯುವ ಬಗೆಯೆಂತು? ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ನಿಸ್ಸಂಕೋಚವಾಗಿ ಕೇಳಿರಿ. ಮೊದಲ ದಿನವೇ ಹತ್ತಿಪ್ಪತ್ತು ಭೇಟಿಗಳ ಹಣವನ್ನು ಮುಂಗಡ ಕೇಳುವವರನ್ನೂ ಪ್ರಶ್ನೆ ಕೇಳದೆ ಮೇಜಿನ ಮೇಲೆ ಮಲಗಿಸುವವರನ್ನೂ ದೂರದಿಂದಲೇ ವಂದಿಸಿರಿ. 2021ರ ಕೇಂದ್ರ ಕಾಯಿದೆಯ ವ್ಯಾಪ್ತಿಗೆ ಬಂದಿರುವ ಫಿಸಿಯೋಥೆರಪಿ ಪದವೀಧರರು ನಮಗೆ ಹತ್ತಿರದಲ್ಲೇ ಸಿಗುತ್ತಾರೆ. ಕೀಲುಗಳನ್ನು ಮೆಲ್ಲನೆ ಆಡಿಸುವ ಕೈಚಳಕವೂ, ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಮಾಡಿಕೊಳ್ಳಬೇಕಾದ ವ್ಯಾಯಾಮವನ್ನು ಕಲಿಸುವ ತಾಳ್ಮೆಯೂ ಅವರಲ್ಲಿ ಉಂಟು.

ಹೊಸದಾಗಿ ಹಿಡಿದ ಸೊಂಟನೋವು ಬಹುಮಂದಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ನಡೆದಾಡಿ, ಬಿಸಿನೀರಿನ ಶಾಖ ಕೊಡಿ, ಮನೆಯವರು ಎಣ್ಣೆ ಹಚ್ಚಿ ಹಿತವಾಗಿ ನೀವಿದರೆ ಬೇಡವೆನ್ನಬೇಡಿ. ಬುಟ್ಟಿಯ ಭಾರವನ್ನು ಎರಡು ಪಾಲು ಮಾಡಿ, ಇಳಿಸುವಾಗ ನೆರೆಯವರ ಒಂದು ಕೈ ಕೇಳಿ. ಗದ್ದೆಯಲ್ಲಿ ಆಗಾಗ ನೆಟ್ಟಗೆ ನಿಂತು ಬೆನ್ನನ್ನು ಹಿಂದಕ್ಕೆ ಬಾಗಿಸಿ. ಆರು ವಾರ ಕಳೆದರೂ ಬಿಡದ ನೋವಿಗೆ ವೈದ್ಯರ ಪರೀಕ್ಷೆಯಾದ ಮೇಲೆ, ಚೆನ್ನಾಗಿ ಕಲಿತ ಕೈಯೊಂದು ನಿಮ್ಮ ಸೊಂಟವನ್ನೊತ್ತುವುದಾದರೆ ಒತ್ತಲಿ. ಅದರಿಂದ ಸ್ವಲ್ಪ ಹಿತ ಸಿಗಬಹುದು. ನೆಟಿಕೆಯ ಸದ್ದಿಗೆ ಮರುಳಾಗಿ ಕೊರಳನ್ನು ಮಾತ್ರ ಯಾರ ಕೈಗೂ ತಿರುಚಲು ಕೊಡಬೇಡಿ.